ಕ್ಯಾಂಡೋಲಿಂ ತೀರದ ಮರಳು ಎತ್ತ ಹೋಗುತ್ತದೆ?

ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಭಾವಮೈದುನ ಹೋದ ಮಾರ್ಚ್‌ನಲ್ಲಿ ಕ್ಯಾಂಡೋಲಿಂ ಕಡಲಿಗಿಳಿದು, ಅರ್ಧ ಗಂಟೆ ಕಳೆದು ಮೇಲೆ ಬಂದವನೇ ಚಪ್ಪಲಿ ಕಳುವಾಯಿತೆಂದು ಗಲಾಟೆ ಎಬ್ಬಿಸಿದ. ಚಪ್ಪಲಿ ಬಿಟ್ಟಲ್ಲೇ ಇತ್ತು. ದಕ್ಷಿಣಕ್ಕೆ ಐವತ್ತು ಹೆಜ್ಜೆ ಸರಿದವನು ಇವನು. ಅರಿವಿಗೇ ಬಾರದಂತೆ ಮನುಷ್ಯನನ್ನು ಹೀಗೆ ಸರಿಸುವ ನೀರು ಮರಳನ್ನು ಬಿಡುತ್ತದೆಯೇ? ಕಡಲ್ಕೊರೆತದ ಬಗ್ಗೆ ಗೋವಾದಲ್ಲಿ ಇಷ್ಟೊಂದು ಮಾತು ನಡೆಯುವಾಗ ಈ ಸರಳ ಸಂಗತಿಯನ್ನೇ ನಾವು ಮರೆಯುತ್ತಿದ್ದೇವೆ ಎಂಬುದು ನನ್ನ ತಕರಾರು.

ಅಲೆಗಳು ಸಾಮಾನ್ಯವಾಗಿ ಓರೆಯಾಗಿ ಬರುತ್ತವೆ. ಆಳ ಕಡಿಮೆಯಾದಂತೆ ವೇಗ ಕಳೆದುಕೊಂಡು ದಡದತ್ತ ತಿರುಗಿಕೊಳ್ಳುತ್ತವಾದರೂ ಪೂರ್ತಿ ನೇರವಾಗುವ ಮೊದಲೇ ಒಡೆಯುತ್ತವೆ. ಒಂದು ಮೀಟರ್ ಎತ್ತರದ ಅಲೆ ಸುಮಾರು 1.3 ಮೀಟರ್ ಆಳಕ್ಕೆ ಬಂದಾಗ ಮಗುಚಿ ಬೀಳುತ್ತದೆ. ಆ ಹೊಡೆತಕ್ಕೆ ತಳದ ಮರಳು ಕದಡಿ ಮೇಲೇಳುತ್ತದೆ, ಅಲೆಯ ಓರೆಯಿಂದಲೇ ಹುಟ್ಟಿ ದಡದುದ್ದಕ್ಕೆ ಹರಿಯುವ ಪ್ರವಾಹ ಅದನ್ನು ಹೊತ್ತೊಯ್ಯುತ್ತದೆ. ನೀರಿನಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಒಂದು ಚಿಪ್ಪಿನ ಚೂರಿನ ಮೇಲೆ ಕಣ್ಣಿಟ್ಟರೆ ಇದರ ಇನ್ನೊಂದು ರೂಪ ಕಾಣುತ್ತದೆ: ಏರಿ ಬರುವ ನೀರು ಚೂರನ್ನು ಓರೆಯಾಗಿ ಮೇಲಕ್ಕೆ ತಳ್ಳುತ್ತದೆ, ಹಿಂದಿರುಗುವ ನೀರು ಇಳಿಜಾರಿನಲ್ಲಿ ನೇರ ಕೆಳಗೆಳೆಯುತ್ತದೆ. ಹೀಗೆ ಗರಗಸದ ಹಲ್ಲಿನ ಹಾಗೆ ಏರಿಳಿಯುತ್ತ ನೋಡನೋಡುತ್ತಿದ್ದಂತೆ ಅದು ಪಕ್ಕಕ್ಕೆ ಸಾಗಿರುತ್ತದೆ. ಓರೆ ಅಷ್ಟೇ ಇದ್ದು ಒಡೆಯುವ ಅಲೆಯ ಎತ್ತರ ಇಮ್ಮಡಿಯಾದರೆ, ಎಂಜಿನಿಯರುಗಳು ಬಳಸುವ ಸೂತ್ರದ ಪ್ರಕಾರ, ಸಾಗುವ ಮರಳು ಐದೂವರೆ ಪಟ್ಟಿಗಿಂತಲೂ ಹೆಚ್ಚಾಗುತ್ತದೆ.

ಮಳೆಗಾಲದಲ್ಲಿ ಮರಳು ಕಡಲೊಳಕ್ಕೂ ಹೋಗಿ ದಿಬ್ಬವಾಗಿ ನಿಲ್ಲುತ್ತದೆ. ಮಳೆ ನಿಂತ ಮೇಲೆ ಮೆತ್ತನೆಯ ಅಲೆಗಳು ಅದನ್ನು ವಾಪಸು ತರುತ್ತವೆ. ಆಗಸ್ಟ್‌ನಲ್ಲಿ ದಡ ನೋಡಿ ಗಾಬರಿಯಾದವರು ಡಿಸೆಂಬರ್‌ನಲ್ಲಿ ಇನ್ನೊಮ್ಮೆ ನೋಡಬೇಕು.

ಆದರೆ ಈ ಸಾಗಾಟಕ್ಕೆ ಅಡ್ಡ ಬಂದರೆ ಏನಾಗುತ್ತದೆಂಬುದಕ್ಕೆ ಇದೇ ತೀರ ಸಾಕ್ಷಿ. 2000ನೇ ಇಸವಿಯ ಜೂನ್‌ನಲ್ಲಿ ‘ರಿವರ್ ಪ್ರಿನ್ಸೆಸ್’ ಎಂಬ ಅದಿರು ಹಡಗು ಇಲ್ಲಿ ನೆಲಕಚ್ಚಿತು. ಅದನ್ನು ತೆಗೆದು ಮುಗಿಸಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟೂ ಕಾಲ ಹಡಗಿನ ಮರೆಯಲ್ಲಿ ಅಲೆಯ ಬಲ ಕುಂದಿ ಮರಳು ಕೂತರೆ, ಅಕ್ಕಪಕ್ಕದವರು ತಮ್ಮ ದಡ ಹೋಗುತ್ತಿದೆಯೆಂದು ದೂರುತ್ತಲೇ ಇದ್ದರು. ಮದ್ರಾಸಿನಲ್ಲಿ 19ನೆಯ ಶತಮಾನದ ಕೊನೆಯಲ್ಲಿ ಬಂದರಿನ ಗೋಡೆ ಎದ್ದಾಗಲೂ ಇದೇ ಕಥೆ: ಉತ್ತರಕ್ಕೆ ಸಾಗುತ್ತಿದ್ದ ಮರಳು ದಕ್ಷಿಣದಲ್ಲೇ ತಡೆದು ಮರೀನಾ ಅಗಲವಾಯಿತು, ಉತ್ತರದ ರಾಯಪುರಂ ಕಡೆಯ ತೀರ ಕೊರೆದುಹೋಯಿತು. ಇಷ್ಟಾದರೂ ಕೊರೆತ ಕಂಡ ಕೂಡಲೇ ಬಂಡೆ ಸುರಿಯುವುದೇ ನಮಗೆ ಹೊಳೆಯುವ ಮೊದಲ ಉಪಾಯ. ಬಂಡೆಯ ಸಾಲು ತನ್ನ ಹಿಂದಿನ ಕಟ್ಟಡವನ್ನು ಉಳಿಸೀತು. ಎದುರಿನ ಮರಳನ್ನು ಉಳಿಸುವುದಿಲ್ಲ, ಪಕ್ಕದವರಿಗೆ ಸಿಗಬೇಕಾದ ಮರಳನ್ನೂ ಕಡಿಮೆ ಮಾಡುತ್ತದೆ.

ಕಡಲಂಚಿನಲ್ಲಿ ಗೆಸ್ಟ್‌ಹೌಸ್ ಇಟ್ಟಿರುವ, ಕಾರವಾರದ ಕಡೆಯ ಪರಿಚಿತರೊಬ್ಬರು ಮೊನ್ನೆ ಬಂಡೆ ಹಾಕಿಸುವ ಬಗ್ಗೆ ನನ್ನ ಅಭಿಪ್ರಾಯ ಕೇಳಿದರು. ಪಕ್ಕದವರ ಗತಿಯೇನು ಎಂದೆ.

“ಪಕ್ಕದವರು ಹಾಕಿಸಿದ ಮೇಲೇ ಅಲ್ವೇ ಸಾರ್, ನಮ್ಮ ಕಡೆ ಕೊರೆಯೋಕೆ ಶುರುವಾದದ್ದು?” ಎಂದರು.