ಬ್ಯಾಂಕ್ 1, ಅಡ್ವಾನ್ಸ್ ಜಾಸ್ತಿ

ನಮ್ಮೂರ ಹಾಸನಾಂಬೆ ಗುಡಿಯಲ್ಲಿ ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪ, ಮುಂದಿನ ವರ್ಷ ಬಾಗಿಲು ತೆಗೆಯುವಾಗಲೂ ಉರಿಯುತ್ತಿರುತ್ತದೆ ಅನ್ನುವುದು ನಂಬಿಕೆ. ಅಂಥದೇ ಒಂದು ದೀಪ ನನ್ನ ಕಾರಿನ ಡ್ಯಾಶ್‌ಬೋರ್ಡಿನಲ್ಲೂ ಹೊತ್ತಿಕೊಂಡಿತು. ಹಳದಿ ಬಣ್ಣ, ಎಂಜಿನ್ನಿನ ಚಿತ್ರ. ಬತ್ತಿ ಬೇಡ, ಎಣ್ಣೆ ಬೇಡ. ಎಣ್ಣೆಗೂ ಅದಕ್ಕೂ ಸಂಬಂಧ ಇದೆ ಅಂತ ಆಗ ಗೊತ್ತಿರಲಿಲ್ಲ ಬಿಡಿ.

ಮೂರು ದಿನ ನೋಡಿದೆ. ನಾಲ್ಕನೇ ದಿನ ಹೆಂಡತಿಯ ಪ್ಯಾಕೆಟ್ಟಿನಿಂದ ಒಂದು ಮೆರೂನ್ ಬಿಂದಿ ಕಿತ್ತು ದೀಪದ ಮೇಲೆ ಅಂಟಿಸಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಸಮಸ್ಯೆ ಮುಗಿಯಿತು.

ಕಾರಿಗೆ ಮುಗಿದಿರಲಿಲ್ಲ. ಓಡುವಾಗ ಪರವಾಗಿಲ್ಲ, ನಿಂತರೆ ನಡುಕ. ಎನ್.ಆರ್. ಸರ್ಕಲ್ಲಿನಲ್ಲಿ ನಿಲ್ಲಿಸಿದರೆ ಚಳಿಜ್ವರ ಬಂದ ಹಾಗೆ ಗಡಗಡ ಅನ್ನುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ಟಿಫನ್ ಡಬ್ಬಿಯ ಮುಚ್ಚಳವೂ ತಾಳ ಹಾಕುತ್ತಿತ್ತು. ಒಂದು ದಿನ ಎಂಜಿನ್ ಆಫೇ ಆಯಿತು. ಹಿಂದಿದ್ದ ಆಟೋದವನು ಹಾರ್ನ್ ಹೊಡೆಯಲಿಲ್ಲ. ಪಕ್ಕಕ್ಕೆ ಬಂದು, "ಆಯುಧಪೂಜೆ ಮಾಡ್ಸಿಲ್ವಾ ಸಾರ್?" ಅಂತ ಕೇಳಿ ಹೋದ. ಹಾರ್ನೇ ವಾಸಿ ಇತ್ತು.

ಕಾರು ಕೆಟ್ಟರೆ ಬೀದಿಗೆ ಬೀದಿಯೇ ಡಾಕ್ಟರು. ಎದುರು ಮನೆಯವರು ಪೆಟ್ರೋಲಿನಲ್ಲಿ ನೀರಿದೆ ಅಂದರು. ಪಕ್ಕದ ಮನೆಯವರು ಬ್ಯಾಟರಿ ಅಂದರು. ಅಮ್ಮ ದೃಷ್ಟಿ ಅಂದಳು, ಅಂದದ್ದಷ್ಟೇ ಅಲ್ಲ, ನಿಂಬೆಹಣ್ಣು ಕಟ್ಟಿದಳು. ಒಂದು ಗ್ಯಾರೇಜಿನವರು ನಾಲ್ಕು ಸ್ಪಾರ್ಕ್ ಪ್ಲಗ್ ಬದಲಾಯಿಸಿದರು. ಇನ್ನೊಬ್ಬರು ಕ್ಯಾಮ್ ಸೆನ್ಸಾರ್ ಬದಲಾಯಿಸಿದರು. ಎರಡೂ ಸಲ ದೀಪ ಆರಿತು, ಎರಡೇ ದಿನಕ್ಕೆ ವಾಪಸ್ ಬಂತು. ಕಂಪ್ಯೂಟರಿನಲ್ಲಿ ಕೋಡ್ ಅಳಿಸಿದರೆ ದೀಪ ಆರಲೇಬೇಕಲ್ಲ. ಕಾಯಿಲೆ ಎಲ್ಲಿಗೆ ಹೋಗುತ್ತೆ?

ಗ್ಯಾರೇಜಿಗೆ ಹೋಗುವಾಗಲೆಲ್ಲ ಬಿಂದಿ ಕಿತ್ತು, ಹೆಂಗಸರು ಬಚ್ಚಲಮನೆ ಕನ್ನಡಿಗೆ ಅಂಟಿಸುವ ಹಾಗೆ, ಹಿಂದಿನ ಗಾಡಿ ನೋಡುವ ಕನ್ನಡಿಗೆ ಅಂಟಿಸುತ್ತಿದ್ದೆ. ಬರುವಾಗ ಮತ್ತೆ ದೀಪದ ಮೇಲೆ. ಅಂಟು ಗಟ್ಟಿಯಾಗಿತ್ತು, ಒಳ್ಳೇ ಕಂಪನಿದು.

ಬೆಂಗಳೂರಿನಲ್ಲಿರುವ ಬಾಮೈದ ವಿಷಯ ಕೇಳಿ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಬ್ಲೂಟೂತ್ ಸ್ಕ್ಯಾನರ್ ಕಳಿಸಿದ. "ಭಾವ, ಸ್ಟೇರಿಂಗ್ ಕೆಳಗೆ ಸಾಕೆಟ್ ಇರುತ್ತೆ. ಚುಚ್ಚಿ, ಫೋನಲ್ಲಿ ನೋಡಿ." ಆ ಸಾಕೆಟ್ ಹುಡುಕಲು ಬ್ರೇಕಿನ ಪಕ್ಕಕ್ಕೆ ತಲೆ, ಅಂಗಳಕ್ಕೆ ಕಾಲು ಹಾಕಿ ಅರ್ಧ ಗಂಟೆ ಮಲಗಿದ್ದೆ. ಹಾಲಿನವನು ಗಾಬರಿಯಿಂದ ಹೆಂಡತಿಯನ್ನು ಕರೆದ. ಅಷ್ಟರಲ್ಲಿ ಫೋನಿನಲ್ಲಿ ಕೋಡ್ ಬಂತು: ಪಿ0011. ಜೋರಾಗಿ ಓದಿದೆ. "ಕ್ಯಾಮ್‌ಶಾಫ್ಟ್ ಪೊಸಿಷನ್ ಎ, ಟೈಮಿಂಗ್ ಓವರ್ ಅಡ್ವಾನ್ಸ್ಡ್, ಬ್ಯಾಂಕ್ 1."

"ಬ್ಯಾಂಕಾ?" ಹೆಂಡತಿಯ ದನಿ ಬದಲಾಯಿತು. "ಯಾವ ಬ್ಯಾಂಕು ರೀ? ಅಡ್ವಾನ್ಸ್ ಎಷ್ಟು ಕೊಟ್ಟಿದ್ದೀರಿ?"

"ಅಯ್ಯೋ ಮಾರಾಯ್ತಿ, ಸಿಲಿಂಡರ್ ಸಾಲಿಗೆ ಬ್ಯಾಂಕ್ ಅಂತಾರೆ."

"ಸಾಲ ಅಂತ ನೀವೇ ಹೇಳ್ತಿದ್ದೀರಲ್ಲ!"

ಅವಳಿಗೆ ಅರ್ಥ ಮಾಡಿಸಲು ಬಸ್ಸಿನ ಕಥೆ ಹೇಳಬೇಕಾಯಿತು. ಎಂಜಿನ್ ಅಂದರೆ ಎರಡು ಬಾಗಿಲಿನ ಸಿಟಿ ಬಸ್ಸು. ಒಂದರಲ್ಲಿ ಗಾಳಿ, ಪೆಟ್ರೋಲು ಹತ್ತುತ್ತವೆ, ಇನ್ನೊಂದರಲ್ಲಿ ಹೊಗೆ ಇಳಿಯುತ್ತದೆ. ಬಾಗಿಲು ತೆಗೆಯುವುದು, ಮುಚ್ಚುವುದು ಕ್ಯಾಮ್‌ಶಾಫ್ಟ್, ಅಂದರೆ ಕ್ಯಾಮ್ ಅನ್ನುವ ದಂಡದ ಕೆಲಸ. ಗಾಡಿ ಓಡಿಸುವ ಕೆಳಗಿನ ದಂಡ, ಕ್ರ್ಯಾಂಕ್, ಎರಡು ಸುತ್ತು ಬಂದರೆ ಇದು ಒಂದು ಸುತ್ತು. ಹಳೇ ಎಂಜಿನ್ನುಗಳಲ್ಲಿ ಬಾಗಿಲು ತೆಗೆಯುವ ಹೊತ್ತು ಒಂದೇ, ಬದಲಾಗುತ್ತಿರಲಿಲ್ಲ. ಈಗಿನವಕ್ಕೆ ಹುಷಾರಿ ಕಂಡಕ್ಟರ್ ಇದ್ದಾನೆ. ಬಸ್ಸು ಜೋರಾಗಿ ಓಡುವಾಗ ಹತ್ತುವ ಬಾಗಿಲನ್ನು ಸ್ವಲ್ಪ ಬೇಗ ತೆಗೆಸುತ್ತಾನೆ, ಸುಮ್ನೆ ನಿಂತಿದ್ದಾಗ ತಡವಾಗಿ. ಓವರ್ ಅಡ್ವಾನ್ಸ್ ಅಂದರೆ ಬಸ್ಸು ನಿಂತಿದ್ದರೂ ಅವನು ಬೇಗನೇ ತೆಗೆಸುತ್ತಿದ್ದಾನೆ. ಎರಡೂ ಬಾಗಿಲು ಜಾಸ್ತಿ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಇಳಿಯಬೇಕಾದ ಹೊಗೆ ತಿರುಗಿ ಒಳಗೇ ಬರುತ್ತದೆ. ಅದಕ್ಕೇ ಈ ನಡುಕ.

"ಕಂಡಕ್ಟರ್ ಯಾಕೆ ಹಾಗೆ ಮಾಡ್ತಿದ್ದಾನೆ?" ಅಂದಳು. ಒಳ್ಳೇ ಪ್ರಶ್ನೆ. ಉತ್ತರ ನನ್ನ ಹತ್ತಿರ ಇರಲಿಲ್ಲ. ಇತ್ತು, ಆದರೆ ಇದೆ ಅಂತ ಗೊತ್ತಿರಲಿಲ್ಲ.

ಬಿ.ಎಂ. ರಸ್ತೆಯಿಂದ ಒಳಗೆ, ತಗಡಿನ ಶೆಡ್ಡಿನಲ್ಲಿ ಕೆಲಸ ಮಾಡುವ ಒಬ್ಬ ಹಳೇ ಮೇಸ್ತ್ರಿ ಇದ್ದಾರೆ. ಕಡೆಗೆ ಅವರ ಹತ್ತಿರ ಹೋದೆ. ಅವರು ಫೋನ್ ನೋಡಲಿಲ್ಲ, ಕೋಡ್ ಕೇಳಲಿಲ್ಲ. ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದರು. ತುದಿಯ ಆಯಿಲನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದರು, ಪಾಕ ಎಳೆ ಬಂತಾ ಅಂತ ನೋಡುವ ಅಡಿಗೆ ಭಟ್ಟರ ಹಾಗೆ. ಮೂಸಿದರು.

"ಯಾವ ಆಯಿಲ್ ಹಾಕ್ಸಿದ್ರಿ ಸಾರ್?"

"ಒಳ್ಳೇದೇ," ಅಂದೆ.

"ಯಾವಾಗ?"

"ಮೊನ್ನೆ ಮೊನ್ನೆ." ಹತ್ತು ಸಾವಿರ ಕಿಲೋಮೀಟರಿಗೆ ಬದಲಾಯಿಸಬೇಕಾದ ಆಯಿಲಿನಲ್ಲಿ ನಾನು 17,000 ಓಡಿಸಿದ್ದೆ.

ಮೇಸ್ತ್ರಿ ಮಾತಾಡಲಿಲ್ಲ. ಕ್ಯಾಮಿನ ಪಕ್ಕ ಹೆಬ್ಬೆರಳಷ್ಟು ದಪ್ಪದ ಒಂದು ಸೊಲೆನಾಯ್ಡ್ ಇರುತ್ತದೆ, ಕರೆಂಟ್ ಕೊಟ್ಟರೆ ಆಡಿ ಕ್ಯಾಮಿಗೆ ಆಯಿಲ್ ಬಿಡುವ ಆಯಿಲ್ ಕಂಟ್ರೋಲ್ ವಾಲ್ವ್. ಮೀಟರ್ ಹಿಡಿದರು. ಏಳು ಓಮ್ ಚಿಲ್ಲರೆ. ಸರಿಯಾಗಿದೆಯಂತೆ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿಸಿ, ಬ್ಯಾಟರಿಯಿಂದ ಎರಡು ವೈರು ತಂದು ಒಂದು ಕ್ಷಣ ಅದಕ್ಕೆ ಮುಟ್ಟಿಸಿದರು. ಟಕ್ ಅಂತ ಸದ್ದು ಬಂತು. ಎಂಜಿನ್ ಮಾತ್ರ ಮೊದಲಿನ ಹಾಗೇ ಗಡಗಡ.

"ಆಫ್ ಆಗ್ಲಿಲ್ಲ!" ಅಂತ ಖುಷಿಯಿಂದ ಕೂಗಿದೆ.

"ಆಗ್ಬೇಕಿತ್ತು ಸಾರ್," ಅಂದರು. "ಇಲ್ಲಾ ತಡವರಿಸಬೇಕಿತ್ತು. ಕರೆಂಟ್ ಬಂತು, ವಾಲ್ವ್ ಆಡ್ತು, ಕ್ಯಾಮ್ ಅಲ್ಲಾಡ್ಲಿಲ್ಲ. ಅಂದ್ರೆ ಒಳಗೆ ಆಯಿಲ್ ಹೋಗ್ತಾ ಇಲ್ಲ."

ಸರ್ಕಲ್ಲಿನಲ್ಲಿ ಬೇಡ ಅಂದರೂ ಆಫ್ ಆಗುವ ಗಾಡಿ, ಆಗು ಅಂದಾಗ ಆಗಲಿಲ್ಲ. ನನ್ನ ಮಗಳ ಹಾಗೆ.

ಹತ್ತು ನಂಬರ್ ಸ್ಪ್ಯಾನರಿನಲ್ಲಿ ಒಂದೇ ಒಂದು ಬೋಲ್ಟ್ ಬಿಚ್ಚಿ ವಾಲ್ವ್ ಹೊರಗೆ ತೆಗೆದರು. ಅದರ ಮೈಗೆ ಒಂದು ಜಾಲರಿ. ಇರುವೆಗಳು ಟೀ ಸೋಸಿಕೊಳ್ಳಲು ಮಾಡಿಸಿದಷ್ಟು ಸಣ್ಣದು. ಕಣ್ಣುಗಳೇ ಕಾಣುತ್ತಿರಲಿಲ್ಲ. ಫಿಲ್ಟರ್ ತಳದ ಕಾಫಿ ಚರಟದ ಹಾಗೆ ಕಪ್ಪು ಜಿಡ್ಡು ತುಂಬಿತ್ತು. ಕ್ಯಾಮನ್ನು ಹಿಂದೆ ಮುಂದೆ ತಿರುಗಿಸುವುದೇ ಈ ಎಂಜಿನ್ ಆಯಿಲಿನ ಪ್ರೆಶರ್ರು. ಆಯಿಲ್ ಕೊಳೆಯಾಗಿದ್ದರೆ, ಇಲ್ಲವೇ ದಪ್ಪ ಇದ್ದರೆ, ಆ ಸಣ್ಣ ದಾರಿಯಲ್ಲಿ ಬೇಗ ಹರಿಯುವುದಿಲ್ಲ.

"ಕೊಳೆ ಸರಿ. ಇಷ್ಟು ದಪ್ಪ ಹೆಂಗೆ? ನಿಮ್ಮ ಗಾಡಿಗೆ 5ಡಬ್ಲ್ಯು-30 ಅಲ್ವಾ?"

ನಾನು ಛಾವಣಿಯ ತಗಡು ಎಣಿಸುತ್ತಿದ್ದೆ. ಅಷ್ಟರಲ್ಲಿ ಬಾನೆಟ್ ಮೇಲಿದ್ದ ನನ್ನ ಫೋನ್ ಹೊಡೆದುಕೊಂಡಿತು. ನನ್ನ ಕೈಯಲ್ಲಿ ಆಗಷ್ಟೇ ತೆಗೆದ ವಾಲ್ವ್, ಬೆರಳೆಲ್ಲ ಮಸಿ. ಗ್ಯಾರೇಜಿನ ಹುಡುಗ ಉಪಕಾರ ಮಾಡಲು ಸ್ಪೀಕರಿಗೆ ಹಾಕಿದ. ಬೇಲೂರಿನ ಹತ್ತಿರದ ತೋಟದಿಂದ ಮಾವನವರು. ಅವರಿಗೆ ಫೋನ್ ಅಂದರೆ ದೂರದವರನ್ನು ಕೂಗುವ ಸಾಧನ.

"ಅಳಿಯಂದ್ರೇ! ಅವತ್ತು ಶೆಡ್ಡಿಂದ ಟ್ರ್ಯಾಕ್ಟರ್ ಆಯಿಲ್ ಕ್ಯಾನ್ ತಗೊಂಡು ಕಾರಿಗೆ ಬಗ್ಗಿಸಿಕೊಂಡ್ರಲ್ಲ, ಮಿಕ್ಕಿದ್ರೆ ವಾಪಸ್ ತನ್ನಿ! ಉಳುಮೆ ನಿಂತಿದೆ!"

ಶೆಡ್ಡಿನಲ್ಲಿ ಸ್ಪ್ಯಾನರ್ ಸದ್ದು ನಿಂತಿತು. ಪಕ್ಕದ ಲಾರಿ ಕೆಳಗಿನಿಂದ ಒಂದು ತಲೆ ಹೊರಗೆ ಬಂತು. ಮೇಸ್ತ್ರಿ ನಿಧಾನವಾಗಿ ಬಟ್ಟೆಗೆ ಕೈ ಒರೆಸಿಕೊಂಡರು.

"ಎಷ್ಟು ಹಾಕಿದ್ರಿ ಸಾರ್?"

"ಒಂದೂವರೆ ಲೀಟ್ರು," ಅಂದೆ. "20ಡಬ್ಲ್ಯು-40. ಅದೂ ಎಣ್ಣೆನೇ ಅಲ್ವಾ ಅಂತ..."

"ಹರಳೆಣ್ಣೆನೂ ಎಣ್ಣೆನೇ ಸಾರ್."

ಜಾಲರಿ ತೊಳೆದರು, ಹಳೇ ಆಯಿಲ್ ಇಳಿಸಿದರು, ಸರಿಯಾದದ್ದನ್ನು ಫಿಲ್ಟರ್ ಸಮೇತ ಹಾಕಿದರು. ಪ್ಲಗ್ಗಿಗೂ ಸೆನ್ಸಾರಿಗೂ ಕೊಟ್ಟಿದ್ದರಲ್ಲಿ ಕಾಲು ಭಾಗವೂ ಆಗಲಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿದರೆ ಆನ್ ಆಗಿದೆಯೋ ಇಲ್ಲವೋ ಅಂತ ಮೀಟರ್ ನೋಡಿ ತಿಳಿಯಬೇಕು, ಅಷ್ಟು ಮೆತ್ತಗೆ.

ಸಂಜೆ ಹೆಂಡತಿಯನ್ನು ಕೂರಿಸಿಕೊಂಡು ಸರ್ಕಲ್ ತನಕ ಒಂದು ರೌಂಡ್ ಹೋದೆ. ಕಾರು ನಿಂತಿತು, ನಡುಗಲಿಲ್ಲ. ಡಬ್ಬಿ ತಾಳ ಹಾಕಲಿಲ್ಲ. ದೀಪವೂ ಇರಲಿಲ್ಲ. ನಾನು ಅವಳ ಮುಖ ನೋಡಿದೆ. ಅವಳು ಕನ್ನಡಿ ನೋಡುತ್ತಿದ್ದಳು.

"ರೀ, ಇದು ನನ್ನ ಬಿಂದಿ ಅಲ್ವಾ? ಒಂದು ಕಡಿಮೆ ಇದೆ ಅಂತ ಪಾಪ ಮಗಳಿಗೆ ಬೈದುಬಿಟ್ಟೆನಲ್ಲ!"