ಇಲ್ಲದ 42 ಚದರ ಅಡಿ

252. ಇನ್ನೂರ ಐವತ್ತೆರಡು ಚದರ ಅಡಿ, ಟೈಲ್ಸ್ ಹಾಕಿಸಿದ ನಮ್ಮ ಹಿತ್ತಲು. ಬೇಕಾದರೆ ಯಾರಾದರೂ ಟೇಪು ಹಿಡಿದು ಬನ್ನಿ, ಚಹಾ ಮಾಡಿಕೊಡುತ್ತೇನೆ, ಅಳೆದು ನೋಡಿ. ಐದಡಿ ಹೆಚ್ಚು ಬಂದರೂ ನಾನು ಈ ಮಾತು ಇಲ್ಲಿಗೇ ಬಿಡುತ್ತೇನೆ. ಕೆಲಸ ಹಿಡಿದ ಕಂಟ್ರಾಕ್ಟರ್ ಬರೆದದ್ದು 294. ಅದರ ಮೇಲೆ ವೇಸ್ಟೇಜ್ ಅಂತ ಹತ್ತು ಪರ್ಸೆಂಟ್. ಅದೂ ಸಾಲದು ಅಂತ ರೌಂಡ್ ಮಾಡಿ 325. ಚೀಟಿಯಲ್ಲಿ "ಸವ್ವಾತೀನ್ ಬ್ರಾಸ್" ಅಂತ ಗೀಚಿ ಕೈಗಿಟ್ಟ, ಅಂದರೆ ಮೂರೂಕಾಲು ಬ್ರಾಸ್. ಪುಣೆಗೆ ಹೊಸದಾಗಿ ಬಂದವರಿಗೆ ಈ ಬ್ರಾಸೇ ಅರ್ಥ ಆಗಲ್ಲ. ಉಸುಕು ತರಿಸಿದರೆ ಒಂದು ಬ್ರಾಸ್ ಅಂದರೆ ನೂರು ಘನ ಅಡಿ, ನೆಲದ ಕೆಲಸ ಮಾಡಿಸಿದರೆ ಅದೇ ಬ್ರಾಸ್ ನೂರು ಚದರ ಅಡಿ. ನನಗೆ ಅರ್ಥ ಆಗುತ್ತೆ. ಅದೇ ನನ್ನ ತಪ್ಪು ಅನ್ನೋ ಹಾಗೆ ನಡೆದುಕೊಂಡರು ಎಲ್ಲರೂ.

ನಮ್ಮ ಹಿತ್ತಲು ಚೌಕ ಇಲ್ಲ. ರಸ್ತೆ ತಿರುಗುವಲ್ಲಿ ಮನೆ ಇದೆ, ಕಾಂಪೌಂಡ್ ಸೊಟ್ಟ ಹೋಗಿದೆ. ಒಂದು ಮೂಲೆ ಎಷ್ಟು ಚೂಪು ಅಂದರೆ ಪೊರಕೆ ಕೂಡ ಸರಿಯಾಗಿ ಹೋಗಲ್ಲ. ನಾಲ್ಕು ಬದಿ ಸುತ್ತಿ ಬಂದರೆ 17, 17, 11, 25 ಅಡಿ. ಅವನು ಮಾಡಿದ್ದು ಏನು ಗೊತ್ತಾ? ಎದುರುಬದುರಿನ ಗೋಡೆ ಕೂಡಿಸಿ ಅರ್ಧ ಮಾಡಿದ. 17 ಮತ್ತು 11, ಅರ್ಧ 14. 17 ಮತ್ತು 25, ಅರ್ಧ 21. 14 ಗುಣಿಸು 21, 294. ಮುಗೀತು.

ನಾನು ಏನೂ ಜಗಳ ಮಾಡಲಿಲ್ಲ. ಮೊದಲು ಸಮಾಧಾನವಾಗಿಯೇ ಹೇಳಿದೆ. ಭಾವು, ಮೂಲೆಯಿಂದ ಮೂಲೆಗೆ ಒಂದು ಸಲ ಟೇಪು ಹಿಡಿಯಿರಿ ಅಂದೆ. ಅವನು ಹಿಡಿಯಲಿಲ್ಲ, ನಾನೇ ಹಿಡಿದೆ. ಚೂಪು ಮೂಲೆಯಿಂದ ಎದುರು ಮೂಲೆಗೆ ಸರಿಯಾಗಿ 30 ಅಡಿ. ಈಗ ಎರಡು ತ್ರಿಕೋನ ಆಯ್ತಲ್ವಾ. 17, 17, 30 ಒಂದು. 30, 11, 25 ಇನ್ನೊಂದು. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಮೂರು ಬದಿ ಕೂಡಿಸಿ ಅರ್ಧ ಮಾಡಿ 32, ಅದರಿಂದ ಒಂದೊಂದು ಬದಿ ಕಳೆದರೆ 15, 15, 2. ನಾಲ್ಕನ್ನೂ ಗುಣಿಸಿದರೆ 14,400, ಅದರ ವರ್ಗಮೂಲ 120. ಇನ್ನೊಂದು ತ್ರಿಕೋನಕ್ಕೆ ಹೀಗೇ ಮಾಡಿದರೆ 132. ಕೂಡಿಸಿದರೆ 252. ಇದು ಒಂಬತ್ತನೇ ಕ್ಲಾಸಿನ ಹೆರಾನ್ ಸೂತ್ರ. ವಾರಕ್ಕೆ ಮೂರು ದಿನ ಸಂಜೆ ಈ ಓಣಿಯ ಮಕ್ಕಳಿಗೆ ನಾನೇ ಹೇಳಿಕೊಡುವ ಪಾಠ.

ಅವನು ಗೋಡೆಯ ಕಡೆ ನೋಡಲೂ ಇಲ್ಲ. ನನ್ನ ಗಂಡನ ಕಡೆ ತಿರುಗಿ ನಕ್ಕ. "ವಹಿನಿ, ಶಾಳೇತಲಂ ಗಣಿತ ಶಾಳೇತಚ ಠೇವಾ" ಅಂದ. ಶಾಲೆಯ ಗಣಿತ ಶಾಲೆಯಲ್ಲೇ ಇರಲಿ ಅಂತ. ಇಪ್ಪತ್ತು ವರ್ಷದಿಂದ ಹೀಗೇ ಅಳೀತಿದೀವಿ, ಊರಲ್ಲಿ ಹೊಲಗಳನ್ನೇ ಹೀಗೆ ಅಳೀತಾರೆ ಅಂದ. ನಮ್ಮನೆಯವರು ನಕ್ಕರು. ಜೋರಾಗಿ ಅಲ್ಲ, ಮೂಗಿನಲ್ಲಿ. ಪಕ್ಕದ ಮನೆಯ ಹುಡುಗಿ ಕಾಂಪೌಂಡ್ ಮೇಲೆ ಗದ್ದ ಇಟ್ಟು ನೋಡುತ್ತಾ ನಿಂತಿದ್ದಳು. ನನ್ನ ಹತ್ತಿರ ಟ್ಯೂಷನ್ನಿಗೆ ಬರುವ ಹುಡುಗಿ ಅವಳು. ಹೋದ ತಿಂಗಳು ಇದೇ ಸೂತ್ರ ಹೇಳಿಕೊಟ್ಟಿದ್ದೆ. ಅವಳು ನನ್ನ ಮುಖ ನೋಡಿದಳು, ಆಮೇಲೆ ಗೋಡೆ ನೋಡಿದಳು, ಆಮೇಲೆ ಮೆಲ್ಲಗೆ ತಲೆ ಕೆಳಗೆ ಮಾಡಿ ಒಳಗೆ ಹೋದಳು. ನನ್ನ ಕೈಯಲ್ಲಿ ಸೀಮೆಸುಣ್ಣ ಇನ್ನೂ ಇತ್ತು. ಅದನ್ನು ಎಲ್ಲಿ ಇಡಬೇಕು ಅಂತ ಕೂಡ ತೋಚಲಿಲ್ಲ. ಆ ಒಂದು ನಿಮಿಷ ನಿನ್ನೆಯಿಂದ ಕಣ್ಣ ಮುಂದೆಯೇ ಇದೆ. ರಾತ್ರಿ ಒಲೆ ಒರೆಸುವಾಗ, ಬೆಳಿಗ್ಗೆ ಹಲ್ಲುಜ್ಜುವಾಗ, ಮತ್ತೆ ಮತ್ತೆ ಅದೇ.

ನಾನು ಇನ್ನೇನೋ ಹೇಳಬೇಕು ಅನ್ನುವಷ್ಟರಲ್ಲಿ ನಮ್ಮನೆಯವರು "ಬಿಡ ಇನ್ನ, ಸಾಕು" ಅಂತ ಫೋನ್ ತೆಗೆದು ದುಡ್ಡು ಕಳಿಸಿಯೇಬಿಟ್ಟರು. 325 ಅಡಿ, ಅಡಿಗೆ 110 ರೂಪಾಯಿ. 35,750.

ಹೊಲ ಹೀಗೆ ಅಳೀತಾರಂತೆ! ನಮ್ಮ ಅಜ್ಜನ ಹೊಲದ ಮೋಜಣಿ ನಾನು ಚಿಕ್ಕವಳಿದ್ದಾಗ ಬದುವಿನ ಮೇಲೆ ನಿಂತು ನೋಡಿದ್ದೇನೆ. 33 ಅಡಿಯ ಸರಪಳಿ, ಅದರಲ್ಲಿ 16 ಆಣೆ, ಅಂದರೆ 16 ಸಮ ಭಾಗ. ಸರಪಳಿ ಉದ್ದ, ಸರಪಳಿ ಅಗಲ ಅಂದರೆ ಒಂದು ಗುಂಟೆ, 1,089 ಚದರ ಅಡಿ. ಅಂಥ 40 ಸೇರಿದರೆ ಎಕರೆ. ಸೊಟ್ಟ ಹೊಲಕ್ಕೆ ಅವರು ಮೊದಲು ಮಧ್ಯೆ ಒಂದು ಗೆರೆ ಹಿಡಿಯುತ್ತಿದ್ದರು, ಆ ಗೆರೆಯಿಂದ ಒಂದೊಂದು ಮೂಲೆಗೆ ನೇರ ಎಷ್ಟು ಅಂತ ಅಳೆದು ತ್ರಿಕೋನ ತ್ರಿಕೋನ ಮಾಡುತ್ತಿದ್ದರು. ನಾನು ಗೋಡೆ ಮೇಲೆ ಬರೆದದ್ದೂ ಅದೇ ತಾನೆ?

ರಾತ್ರಿ ದೇವರಿಗೆ ದೀಪ ಹಚ್ಚುವಾಗ ಹೊಳೆಯಿತು, ಅವನಿಗೆ ಕಡ್ಡಿಪೆಟ್ಟಿಗೆ ತೋರಿಸಬೇಕಿತ್ತು. ಒಳಗಿನ ಡಬ್ಬಿ ತೆಗೆದು ಬರೀ ಹೊರಗಿನ ಕವಚ ಹಿಡಿದು ಮೂಲೆ ಒತ್ತಿ ನೋಡಿ. ವಾಲುತ್ತೆ. ನಾಲ್ಕು ಬದಿಯ ಉದ್ದ ಅಷ್ಟೇ ಇದೆ, ಒಳಗಿನ ಜಾಗ ಮಾತ್ರ ಕಡಿಮೆ. ಪೂರ್ತಿ ಒತ್ತಿದರೆ ಒಂದು ಕಡ್ಡಿಯೂ ಹಿಡಿಯಲ್ಲ. ಆಗಲೂ ಅವನ ಲೆಕ್ಕದಲ್ಲಿ ಜಾಗ ಅಷ್ಟೇ ಇರುತ್ತೆ! ಎದುರುಬದುರು ಕೂಡಿಸಿ ಅರ್ಧ ಮಾಡೋದು ಚೌಕದ ಕೋಣೆಗೆ ಸರಿ. ಮೂಲೆ ಸೊಟ್ಟ ಆದರೆ ಉತ್ತರ ಯಾವಾಗಲೂ ಜಾಸ್ತಿಯೇ ಬರುತ್ತೆ, ಕಡಿಮೆ ಯಾವತ್ತೂ ಬರಲ್ಲ. ನಷ್ಟ ಯಾವಾಗಲೂ ಮನೆಯವರಿಗೇ.

ಬಿಡಿ, ದುಡ್ಡು ಹೋಯಿತು, ಫರ್ಶಿ ಚೆನ್ನಾಗಿಯೇ ಕೂರಿಸಿದ್ದಾರೆ, ಇಳಿಜಾರೂ ಸರಿಯಾಗಿದೆ, ನೀರು ನಿಲ್ಲಲ್ಲ. ಇನ್ನು ಆ ಮಾತೇ ಬೇಡ ಅಂತ ಬೆಳಿಗ್ಗೆ ನಿರ್ಧಾರ ಮಾಡಿದ್ದೆ. ನಿಜವಾಗಲೂ ಮಾಡಿದ್ದೆ.

ಹನ್ನೊಂದು ಗಂಟೆಗೆ ಗೌಂಡಿ ಹುಡುಗ ಬಂದ, ಬಿಟ್ಟು ಹೋದ ಕರಣಿ, ಬಕೆಟ್ ತಗೊಂಡು ಹೋಗಲು. ಇಂಡಿ ಕಡೆಯವನು. ನೀರು ಕೊಟ್ಟೆ. ಗೋಡೆ ಮೇಲೆ ನನ್ನ ಲೆಕ್ಕ ಹಾಗೇ ಇತ್ತು. ಅದನ್ನು ನೋಡಿ ಸುತ್ತ ಯಾರಿಲ್ಲ ಅಂತ ಖಾತ್ರಿ ಮಾಡಿಕೊಂಡು ಹೇಳಿದ. "ಅಕ್ಕಾರ, ನೀವ ಹೇಳೂದ ಖರೆ ಐತ್ರಿ. ನಮಗ ಕೂಲಿ ಅಂವಾ ಇನ್ನೂರ ಐವತ್ತಕ್ಕ ಕೊಟ್ಟಾನ್ರಿ."

ಇನ್ನೂರ ಐವತ್ತಕ್ಕೆ!

ಅಂದರೆ ಅವನಿಗೆ ಗೊತ್ತಿತ್ತು. ಎರಡು ಅಡಿ ಆ ಬಡ ಹುಡುಗರದ್ದೂ ತಿಂದು, ನನಗೆ 325ರ ಕೂಲಿ ಹಾಕಿ, ಮೇಲೆ ನನ್ನ ಮನೆಯಲ್ಲಿ ನಿಂತು ನನ್ನ ಗಂಡನ ಜೊತೆ ನನ್ನನ್ನೇ ನೋಡಿ ನಕ್ಕ. ತಿಳಿಯದೆ ತಪ್ಪು ಲೆಕ್ಕ ಹಾಕಿದ್ದರೆ ನಾನು ಒಂದು ಮಾತೂ ಬರೆಯುತ್ತಿರಲಿಲ್ಲ.

ವೇಸ್ಟೇಜ್ ಕೊಡಲ್ಲ ಅಂತ ನಾನು ಯಾವಾಗ ಹೇಳಿದೆ? ಸೊಟ್ಟ ಅಂಚಿಗೆ ಟೈಲ್ಸ್ ಕಟ್ ಮಾಡಲೇಬೇಕು, ತುಂಡು ಹೋಗೇ ಹೋಗುತ್ತೆ. 252ಕ್ಕೆ ಹತ್ತು ಪರ್ಸೆಂಟ್ ಸೇರಿಸಿ 277 ಅಡಿ ಸಾಮಾನು, ಒಪ್ಪಿದೆ. ಆದರೆ ಕೂಲಿ? ಕಟ್ ಆಗಿ ಕಸಕ್ಕೆ ಹೋದ ತುಂಡಿಗೂ ಕೂರಿಸಿದ ಕೂಲಿ ಕೊಡಬೇಕಾ? ಸಾಮಾನಿಗೆ 65, ಕೂಲಿಗೆ 45 ಅಂತ ಅವನೇ ಬರೆದ ದರ. ಹಾಗೆ ನೋಡಿದರೆ 18,005 ಮತ್ತು 11,340, ಒಟ್ಟು 29,345. ನಮ್ಮಿಂದ ಹೆಚ್ಚು ಹೋದದ್ದು 6,405 ರೂಪಾಯಿ. ಆರು ಸಾವಿರಕ್ಕೆ ಇಷ್ಟು ಯಾಕೆ ಅಂತ ನಮ್ಮನೆಯವರು ಕೇಳುತ್ತಾರೆ. ಆರು ಸಾವಿರ ನನ್ನ ಟ್ಯೂಷನ್ನಿನ ಎಷ್ಟು ಸಂಜೆ ಅಂತ ಅವರಿಗೆ ಗೊತ್ತಿಲ್ವಾ?

ಈ ಕೆಲಸದಲ್ಲಿ ಇರುವವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಉತ್ತರ ಕೊಡಿ. ಕೂಲಿ ಯಾವ ಅಳತೆಗೆ ತಗೋತೀರಿ? ಕೂರಿಸಿದ ನೆಲಕ್ಕಾ, ತಂದ ಟೈಲ್ಸಿಗಾ? ಉಳಿದ ಟೈಲ್ಸ್ ಯಾರದ್ದು? ದುಡ್ಡು ಕೊಟ್ಟವರದ್ದಾ, ತಂದವರದ್ದಾ? ಸುಮ್ನೆ ಕೇಳುತ್ತಿಲ್ಲ. ಗೇಟಿನ ಪಕ್ಕ ಒಂದಡಿಯ ಇಡೀ ಟೈಲ್ಸ್ ಜೋಡಿಸಿಟ್ಟಿದ್ದಾರೆ. ಎರಡು ಸಲ ಎಣಿಸಿದೆ, 48. 325ರಲ್ಲಿ 48 ಕಳೆಯಿರಿ. 277 ಬರುತ್ತೆ. ನನ್ನ ಲೆಕ್ಕ ಅಲ್ಲೇ ಗೇಟಿನ ಹತ್ತಿರ ಅಟ್ಟಿ ಕಟ್ಟಿ ನಿಂತಿದೆ, ಅದನ್ನು ನೋಡಲು ನಮ್ಮನೆಯವರು ಇನ್ನೂ ಹೊರಗೆ ಬಂದಿಲ್ಲ.

ನಾಳೆ ಹತ್ತು ಗಂಟೆಗೆ ಆ ಟೈಲ್ಸ್ ಒಯ್ಯಲು ಅವನು ಟೆಂಪೋ ಕಳಿಸುತ್ತಾನಂತೆ. ಗೇಟಿಗೆ ಬೀಗ ಹಾಕಿದ್ದೇನೆ. ಗೋಡೆ ಮೇಲಿನ ಲೆಕ್ಕ ಒರೆಸಿಲ್ಲ. ಸಂಜೆ ಪಾಠಕ್ಕೆ ಆ ಹುಡುಗಿ ಬಂದರೆ ಅವಳ ಕೈಯಲ್ಲೇ ಟೇಪು ಕೊಡುತ್ತೇನೆ.