ಅವಳು ಆನ್‌ಲೈನ್ ಇದ್ದಳು. ಅಷ್ಟರಿಂದ ಏನು ಗೊತ್ತಾಯಿತು?

ನನ್ನ ಗೆಳತಿಯೊಬ್ಬಳು ಹೋದ ತಿಂಗಳು ಇನ್‌ಸ್ಟಾಗ್ರಾಮ್ ಖಾತೆ ಮುಚ್ಚಿದಳು. ಪಿಯುಸಿಯಲ್ಲಿ ಜೊತೆಗೆ ಓದಿದವನೊಬ್ಬ ಅವಳ ಫೋಟೋಗಳಿಗೆ ಹಾರ್ಟ್ ಒತ್ತುತ್ತಿದ್ದ. "ಯಾರಿವನು? ಎಲ್ಲಾ ಫೋಟೋಗೂ ಯಾಕೆ ಲೈಕ್ ಮಾಡ್ತಾನೆ?" ಎಂದು ಗಂಡ ಶುರು ಮಾಡಿದ. ಮಾತು ಪಾಸ್‌ವರ್ಡ್ ಕೇಳುವವರೆಗೆ ಹೋಯಿತು. ಅವಳು ಕೊಟ್ಟಳು. ಅವನು ಎಲ್ಲಾ ಮೆಸೇಜ್ ಓದಿದ, ಏನೂ ಸಿಗಲಿಲ್ಲ. ಆಗ ಅವನು ಹೇಳಿದ್ದು: "ಡಿಲೀಟ್ ಮಾಡಿದ್ದೀಯ."

ಈ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಮೆಸೇಜ್ ಇದ್ದರೆ ತಪ್ಪು ಮಾಡಿದ್ದಾಳೆ. ಇಲ್ಲದಿದ್ದರೆ ಅಳಿಸಿದ್ದಾಳೆ. ಇಂಥ ವಿಚಾರಣೆಯಲ್ಲಿ ಅವಳು ನಿರಪರಾಧಿ ಅಂತ ಸಾಬೀತಾಗೋಕೆ ದಾರಿಯೇ ಇಲ್ಲ, ಅಲ್ವಾ? ಹಾಗಾಗಿಯೇ ಹೇಳುತ್ತಿದ್ದೇನೆ: ಸಂಗಾತಿಯ ಫೋನ್ ಜಾಲಾಡಿ ಯಾರ ಅನುಮಾನವೂ ತೀರುವುದಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಫೋನ್ ನಮಗೆ ನಿಜವಾಗಿ ಏನು ಹೇಳುತ್ತದೆ ಅಂತ ನೋಡಿ. ವಾಟ್ಸಾಪ್‌ನಲ್ಲಿ "ಆನ್‌ಲೈನ್" ಎಂದು ಕಂಡರೆ ಆ್ಯಪ್ ತೆರೆದಿದೆ, ಇಂಟರ್ನೆಟ್ ಇದೆ ಅಂತ ಅರ್ಥ. ಯಾರ ಜೊತೆ ಮಾತಾಡುತ್ತಿದ್ದಾರೆ ಅನ್ನುವುದು ಅದರಲ್ಲಿ ಇಲ್ಲ. ಮಗುವಿನ ಶಾಲೆಯ ಗ್ರೂಪ್‌ನಲ್ಲಿ ಹೋಂವರ್ಕ್ ನೋಡುತ್ತಿರಬಹುದು. ತವರಿನಲ್ಲಿ ಅಪ್ಪನ ಬಿಪಿ ಎಷ್ಟಿದೆ ಅಂತ ಕೇಳುತ್ತಿರಬಹುದು. 2014ರಲ್ಲಿ ನೀಲಿ ಟಿಕ್ ಬಂತು. "ಓದಿಯೂ ಉತ್ತರ ಕೊಡಲಿಲ್ಲ" ಅನ್ನುವ ಹೊಸ ಜಗಳವೂ ಜೊತೆಗೇ ಬಂತು. 2020ರಲ್ಲಿ ತಾನಾಗಿ ಅಳಿದುಹೋಗುವ ಮೆಸೇಜ್ ಬಂತು, 2023ರಲ್ಲಿ ಚಾಟ್ ಲಾಕ್. ಇವನ್ನು ಬಳಸುವವರೆಲ್ಲ ಕಳ್ಳರಲ್ಲ. ಆಫೀಸಿನ ಬಾಸ್ ಕಣ್ಣು ತಪ್ಪಿಸಲು ಲಾಸ್ಟ್ ಸೀನ್ ಮುಚ್ಚಿಟ್ಟವರು ನನ್ನ ಪರಿಚಯದಲ್ಲೇ ಎಷ್ಟೋ ಜನ ಇದ್ದಾರೆ. ಇನ್‌ಸ್ಟಾಗ್ರಾಮ್‌ನಲ್ಲಿ ಮೊದಲು ಒಂದು ಟ್ಯಾಬ್ ಇತ್ತು. ನಾವು ಫಾಲೋ ಮಾಡುವವರು ಯಾರ ಫೋಟೋಗೆ ಲೈಕ್ ಒತ್ತಿದರು ಎಂದು ಅದು ತೋರಿಸುತ್ತಿತ್ತು. 2019ರ ಅಕ್ಟೋಬರ್‌ನಲ್ಲಿ ಕಂಪನಿ ಅದನ್ನು ತೆಗೆದುಹಾಕಿತು. ಅನುಮಾನ ಹತ್ತಿದವರು ಈಗ ಒಂದೊಂದೇ ಫೋಟೋ ತೆರೆದು ಲೈಕ್ ಪಟ್ಟಿಯಲ್ಲಿ ಹೆಸರು ಹುಡುಕುತ್ತಾ ಕೂರುತ್ತಾರೆ. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಕೆಲಸದಲ್ಲಿ ಮನಸ್ಸಿಲ್ಲ.

ಇದರಲ್ಲಿ ಗಂಡು ಹೆಣ್ಣಿನ ಲೆಕ್ಕ ಒಂದೇ ಅಲ್ಲ. ಗಂಡನ ಫೋನ್‌ಗೆ ಲಾಕ್ ಇದ್ದರೆ ಅದು ಆಫೀಸಿನ ವಿಷಯ. ಹೆಂಡತಿಯ ಫೋನ್‌ಗೆ ಲಾಕ್ ಇದ್ದರೆ "ಏನು ಮುಚ್ಚಿಡ್ತಿದ್ದೀಯ?" ನಮ್ಮ ಕಡೆ ಎಷ್ಟು ಹೆಂಗಸರ ಡಿಪಿಯಲ್ಲಿ ಅವರದೇ ಮುಖ ಇದೆ, ಒಮ್ಮೆ ಗಮನಿಸಿ. ಗುಲಾಬಿ ಹೂ, ಮಗುವಿನ ಫೋಟೋ, ರಾಯರ ಫೋಟೋ. ಕೆಲವರಿಗೆ ಅದು ಇಷ್ಟ, ನಿಜ. ಆದರೆ ಎಷ್ಟೋ ಜನರಿಗೆ ಅದು ಮನೆಯಲ್ಲಿ ರಗಳೆ ಬೇಡ ಅಂತ ಮಾಡಿಕೊಂಡ ಏರ್ಪಾಡು. ಇದನ್ನು "ಪ್ರೀತಿ ಜಾಸ್ತಿ, ಅದಕ್ಕೇ ಅನುಮಾನ" ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಹಿಡಿತ.

ಹಾಗಂತ ಮೋಸ ನಡೆಯುವುದೇ ಇಲ್ಲ ಎನ್ನುತ್ತಿಲ್ಲ. ನಡೆಯುತ್ತದೆ. ಹಳೆಯ ಕ್ಲಾಸ್‌ಮೇಟ್‌ಗಳ ಗ್ರೂಪ್‌ನಲ್ಲಿ ಶುರುವಾದ ಗುಡ್ ಮಾರ್ನಿಂಗ್, ಮನೆಯವರಿಗೆ ಹೇಳದ ಮಾತುಗಳನ್ನು ಹಂಚಿಕೊಳ್ಳುವವರೆಗೆ ಹೋಗಬಹುದು. ಒಮ್ಮೆಯೂ ಭೇಟಿಯಾಗದೆ ಇದ್ದರೂ ಅದು ಮನೆಯಲ್ಲಿರುವವರನ್ನು ನೋಯಿಸುತ್ತದೆ, ಆ ನೋವು ಸಣ್ಣದಲ್ಲ. ಹಾಗನ್ನಿಸಿದರೆ ಕೇಳಿ. ಅತ್ತೆ ಮಾವ, ಮಕ್ಕಳು ಯಾರೂ ಇಲ್ಲದಾಗ, ಎದುರು ಕೂತು, ಮುಖ ನೋಡಿ ಕೇಳಿ. "ನನಗೆ ಹೀಗನ್ನಿಸ್ತಿದೆ, ನನಗೆ ಕಷ್ಟ ಆಗ್ತಿದೆ" ಎನ್ನಿ. ಉತ್ತರ ಸುಳ್ಳು ಅನ್ನಿಸಿದರೆ ಫ್ಯಾಮಿಲಿ ಕೌನ್ಸೆಲರ್ ಇದ್ದಾರೆ, ವಕೀಲರಿದ್ದಾರೆ. ಸ್ಕ್ರೀನ್‌ಶಾಟ್ ತೆಗೆದು ನೆಂಟರ ಗ್ರೂಪ್‌ಗೆ ಹಾಕಬೇಡಿ. ಆಮೇಲೆ ನೀವಿಬ್ಬರೂ ಸರಿಹೋದರೂ ನೆಂಟರು ಮರೆಯುವುದಿಲ್ಲ.

ಕಾನೂನಿನ ಬಗ್ಗೆಯೂ ತಪ್ಪು ತಿಳಿವಳಿಕೆ ತುಂಬಾ ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ಐಪಿಸಿ 497ನೇ ಸೆಕ್ಷನ್ ರದ್ದು ಮಾಡಿದ ಮೇಲೆ ವ್ಯಭಿಚಾರ ಅಪರಾಧವಲ್ಲ. ಆದರೆ ವಿಚ್ಛೇದನ ಕೇಳಲು ಅದು ಈಗಲೂ ಕಾರಣ. 2025ರ ಜುಲೈನಲ್ಲಿ ಅದೇ ಕೋರ್ಟ್, ಗಂಡ ಅಥವಾ ಹೆಂಡತಿ ಗುಟ್ಟಾಗಿ ರೆಕಾರ್ಡ್ ಮಾಡಿದ ಮಾತುಕತೆಯನ್ನು ವಿಚ್ಛೇದನದ ಕೇಸಿನಲ್ಲಿ ಸಾಕ್ಷಿಯಾಗಿ ಪರಿಗಣಿಸಬಹುದು ಎಂದಿತು. ಇದನ್ನು ಕೆಲವರು ಫೋನ್ ಕದ್ದು ನೋಡಲು ಪರವಾನಗಿ ಅಂದುಕೊಂಡಿದ್ದಾರೆ. ಒಬ್ಬರ ಮೇಲೊಬ್ಬರು ಬೇಹುಗಾರಿಕೆ ಮಾಡುವ ಹಂತಕ್ಕೆ ಬಂದಿದ್ದರೆ ಆ ಸಂಬಂಧ ಆಗಲೇ ಮುರಿದಿದೆ ಎಂಬ ಅರ್ಥದ ಮಾತೂ ಆ ತೀರ್ಪಿನಲ್ಲೇ ಇದೆ. ನಮ್ಮ ಹೈಕೋರ್ಟ್ 2022ರಲ್ಲಿ, ಹೆಂಡತಿಗೆ ಸಂಬಂಧ ಇದೆ ಎಂದು ಗಂಡ ಆರೋಪಿಸಿದ ಮೂರನೇ ವ್ಯಕ್ತಿಯ ಮೊಬೈಲ್ ಟವರ್ ಮಾಹಿತಿ ಕೊಡಲು ಒಪ್ಪಲಿಲ್ಲ. ಅವನಿಗೂ ಖಾಸಗಿತನ ಇದೆ ಎಂದಿತು. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂದದ್ದೇ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ ಅರ್ಜಿಯಿಂದ. ಮದುವೆಯಾದ ಮಾತ್ರಕ್ಕೆ ಆ ಹಕ್ಕು ಇಲ್ಲವಾಗುವುದಿಲ್ಲ.

ಇದನ್ನು ಓದುತ್ತಿರುವ ಹೆಣ್ಣುಮಕ್ಕಳಿಗೆ ಒಂದು ಮಾತು. ವಾಟ್ಸಾಪ್‌ನಲ್ಲಿ "ಲಿಂಕ್ಡ್ ಡಿವೈಸಸ್" ಎಂಬುದನ್ನು ತೆರೆದು ನೋಡಿ. ನಿಮ್ಮದಲ್ಲದ ಕಂಪ್ಯೂಟರ್ ಅಲ್ಲಿದ್ದರೆ ನಿಮ್ಮ ಮೆಸೇಜ್‌ಗಳನ್ನು ಬೇರೆ ಯಾರೋ ಓದುತ್ತಿರಬಹುದು. ಅದನ್ನು ಅಲ್ಲಿಂದಲೇ ಲಾಗ್‌ಔಟ್ ಮಾಡಬಹುದು. ಆದರೆ ಮನೆಯಲ್ಲಿ ಹೊಡೆತ ಬಡಿತ ಇದ್ದರೆ ತಕ್ಷಣ ಹಾಗೆ ಮಾಡಬೇಡಿ. ನಿಮಗೆ ಗೊತ್ತಾಗಿದೆ ಅಂತ ಅವನಿಗೂ ತಿಳಿಯುತ್ತದೆ. ಮೊದಲು ಪಕ್ಕದ ಮನೆಯವರ ಅಥವಾ ಗೆಳತಿಯ ಫೋನ್‌ನಿಂದ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.